ಗೌಡರ ಗದ್ದೆಯಲ್ಲಿ ಕಂಡ ಜನ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ಮರ್ಯಾದೆಗೆ ತಲೆಯಾಡಿಸಿ ಒಳಗೊಳಗೇ ನಗುತ್ತಿದ್ದವನು ನಾನು. ಈಗ ನೀವು ನಕ್ಕರೆ ನನಗೆ ಬೇಸರವಿಲ್ಲ.

ಮೊಬೈಲ್ ಟವರುಗಳ ಮೇಲೆ ಬೀಳುವ ಹೊರೆಯನ್ನು ನೋಡಿಕೊಳ್ಳುವುದು ನನ್ನ ಕೆಲಸ. ಒಂದು ಟವರಿನಲ್ಲಿ ಫೋನುಗಳು ಹೆಚ್ಚಾದರೆ ಕೆಲವನ್ನು ಪಕ್ಕದ ಟವರಿಗೆ ದಾಟಿಸಬೇಕು. ಕೆಲವು ವರ್ಷಗಳ ಹಿಂದೆ ಸಿಂಧಘಟ್ಟದ ಕಡೆ ಒಂದು ಟವರು ಸಂಜೆಯಾದರೆ ತುಂಬಿಹೋಗುತ್ತಿತ್ತು. ಅದೂ ಊರಿನ ದಿಕ್ಕಿನಲ್ಲಲ್ಲ, ಗದ್ದೆಯ ದಿಕ್ಕಿನಲ್ಲಿ. ಎಷ್ಟು ದಾಟಿಸಿದರೂ ಮತ್ತೆ ಅಷ್ಟೇ.

ಗದ್ದೆಯ ಒಡೆಯ ಕೆಂಚೇಗೌಡರು ಅಲ್ಲಿ ಏನೋ ಕಳ್ಳ ಯಂತ್ರ ಇಟ್ಟಿದ್ದಾರೆ ಎಂಬ ಗುಮಾನಿಯಲ್ಲೇ ಒಂದು ಸಂಜೆ ಹೋದೆ. ಅವರಿಗೋ ನನ್ನ ಮೇಲೆ ಗುಮಾನಿ. ಹಿಂದಿನ ವಾರ ಅವರ ಹೆಂಡತಿಗೆ ಎದೆನೋವು ಬಂದಾಗ ಆಂಬುಲೆನ್ಸಿಗೆ ಫೋನೇ ಹೋಗಿರಲಿಲ್ಲ. ಟ್ರಾಕ್ಟರಿನಲ್ಲಿ ಮಲಗಿಸಿಕೊಂಡು ಕೆ.ಆರ್. ಪೇಟೆ ಮುಟ್ಟಿಸಿದ್ದರಂತೆ. ಆಕೆ ಉಳಿದದ್ದೇ ಹೆಚ್ಚು.

"ಬೇಕಂತ್ಲೇ ಕಟ್ ಮಾಡ್ತಾವ್ರೆ ನಿಮ್ಮೋರು," ಅಂದರು ಗೌಡರು. ಆದರೂ ಗದ್ದೆ ತೋರಿಸಲು ಬಂದರು.

ಕಬ್ಬು ಕಡಿದಾಗಿತ್ತು. ಕೂಳೆ ಬಿಟ್ಟರೆ ಬರೀ ಬಯಲು. ಯಂತ್ರವಿಲ್ಲ, ತಂತಿಯಿಲ್ಲ, ಮನುಷ್ಯರಿಲ್ಲ. ಲ್ಯಾಪ್‌ಟಾಪ್ ತೆರೆದೆ. ಯಾವ ಫೋನು ಟವರಿನಿಂದ ಎಷ್ಟು ದೂರದಲ್ಲಿದೆ ಎಂದು ಅದರಲ್ಲಿ ಸುಮಾರಾಗಿ ತಿಳಿಯುತ್ತದೆ. ನಾವು ನಿಂತಷ್ಟೇ ದೂರದಲ್ಲಿ ನೂರಾರು ಫೋನುಗಳಿದ್ದವು.

ಟವರಿನ ಉಪಕರಣವೇ ಕೆಟ್ಟಿದೆ ಅಂದುಕೊಂಡು ಅದರ ಕಡೆ ನಡೆಯತೊಡಗಿದೆವು. ಆ ಫೋನುಗಳೂ ನಮ್ಮ ಜೊತೆಗೇ ಹತ್ತಿರವಾಗುತ್ತ ಬಂದವು. ನಿಂತರೆ ನಿಂತವು. ಗೌಡರ ಜೇಬಿನಲ್ಲೇ ಏನೋ ಇದೆ ಎಂದು ನನಗೆ ಖಾತ್ರಿಯಾಯಿತು. ನೀವು ಇಲ್ಲೇ ಇರಿ ಎಂದು ಹೇಳಿ ಒಬ್ಬನೇ ಮುಂದೆ ಹೋದೆ.

ಅರ್ಧ ಅವರ ಬಳಿ ಉಳಿದವು. ಇನ್ನರ್ಧ ನನ್ನೊಡನೆ ಬಂದವು.

ವಾಪಸು ಬಂದು ಗೌಡರಿಗೆ, ಅರ್ಧ ನಿಮ್ಮ ಬಳಿ, ಅರ್ಧ ನನ್ನ ಬಳಿ ಎಂದಷ್ಟೇ ಹೇಳಿದೆ. ಉಳಿದದ್ದನ್ನು ನನ್ನ ಮುಖ ನೋಡಿ ಅವರೇ ಅರ್ಥಮಾಡಿಕೊಂಡಿರಬೇಕು. ತಲೆಗೆ ಟವೆಲು ಸುತ್ತಿಕೊಂಡು, ಹಿಂದಿರುಗಿ ನೋಡದೆ ಊರ ದಾರಿ ಹಿಡಿದರು. ನಾನು ಕಾರು ಹತ್ತಿ ಪಾಂಡವಪುರದ ಮೇಲೆ ಮನೆಗೆ ಬಂದೆ.

ಮಾರನೆಯ ದಿನದಿಂದ ಆ ಟವರು ತುಂಬಲಿಲ್ಲ. ನಮ್ಮವರು ಉಪಕರಣ ಬಿಚ್ಚಿ ಪರೀಕ್ಷಿಸಿದರು, ದೋಷವಿರಲಿಲ್ಲ. ವಾರದ ಮೇಲೆ ಗೌಡರು ಫೋನು ಮಾಡಿದರು. ಹೆಂಡತಿ ಓಡಾಡುತ್ತಿದ್ದಾಳೆ ಎಂದು ಹೇಳಿ, ದನಿ ತಗ್ಗಿಸಿದರು.

"ನನ್ ತಾವ ಇದ್ದೋರು ಅವತ್ತೇ ಹೊಂಟೋದ್ರು ಅನ್ಸುತ್ತೆ ಸಾ. ನಿಮ್ ಜೊತೆ ಬಂದೋರು?"

ಹೋದರು ಎಂದೆ. ಆದರೆ ಕಿರಂಗೂರಿನಲ್ಲಿ ನನ್ನ ಮನೆ ಹಿಂದಿನ ಟವರಿನ ಲೆಕ್ಕವನ್ನು ನಾನು ಈವರೆಗೂ ತೆರೆದು ನೋಡಿಲ್ಲ. ಅದನ್ನು ನೋಡುವ ಕೆಲಸವನ್ನು ಬೇರೆಯವರಿಗೆ ವಹಿಸಿದ್ದೇನೆ. ಅಲ್ಲಿ ಸಂಜೆ ಹೊತ್ತು ಹೊರೆ ಯಾಕೆ ಜಾಸ್ತಿ ಎಂದು ಅವರು ನನ್ನನ್ನು ಕೇಳುತ್ತಲೇ ಇದ್ದಾರೆ.