ಹಿತ್ತಲಿನಲ್ಲಿ ನಡೆದು ಬಂದ ಹೂವು

ಬಿಸಿ ಬೂದಿಯ ಮೇಲೆ ಮಳೆಯ ಮೊದಲ ಹನಿ ಬಿದ್ದಾಗ ಒಂದು ವಾಸನೆ ಏಳುತ್ತದೆ. ಮಣ್ಣಿನ ವಾಸನೆಯನ್ನು ಎಲ್ಲರೂ ಹೊಗಳುತ್ತಾರೆ, ಬೂದಿಯದನ್ನು ಯಾರೂ ಕೇಳುವುದಿಲ್ಲ. ಮೊನ್ನೆ ಎದುರಿನ ಖಾಲಿ ಸೈಟಿನಲ್ಲಿ ಯಾರೋ ಕಸಕ್ಕೆ ಬೆಂಕಿ ಹಚ್ಚಿದ್ದರು, ಅದರ ಮೇಲೆ ನಾಲ್ಕು ಹನಿ ಉದುರಿತು. ಕಿಟಕಿಯ ಬಳಿ ನಿಂತಿದ್ದ ನಾನು ನ್ಯಾಮತಿಯ ನಮ್ಮ ಮನೆಯ ಹಿತ್ತಲಿಗೆ ಹೋಗಿಬಿಟ್ಟೆ. ಎಪ್ಪತ್ತರ ದಶಕದ ಕೊನೆ, ನನಗೆ ಎಂಟು ವರ್ಷ. ಹಿಂಬಾಗಿಲು ದಾಟಿದರೆ ಬಟ್ಟೆ ಒಗೆಯುವ ಕಲ್ಲು, ಆಮೇಲೆ ಬಚ್ಚಲೊಲೆಯ ಬೂದಿ ಸುರಿಯುವ ಗುಂಡಿ, ಅದರಾಚೆ ನುಗ್ಗೆ ಮರ, ಕೊನೆಯಲ್ಲಿ ಕಳ್ಳಿ ಬೇಲಿ. ನಿಮಗೂ ಇಂಥದೊಂದು ಹಿತ್ತಲು ಇದ್ದೀತು, ಈಗ ಅದರ ಮೇಲೆ ಯಾರದೋ ಮಹಡಿ ಎದ್ದಿದ್ದೀತು. ಹಾಗಿದ್ದರೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ.

ಆ ಹಿತ್ತಲಿನ ಯಜಮಾನಿ ಗೌರತ್ತೆ, ಅಪ್ಪನ ತಂಗಿ. ಉಬ್ರಾಣಿಗೆ ಮದುವೆಯಾಗಿ ಹೋಗಿ, ಮೂರೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಅಪ್ಪ ಕಿರಾಣಿ ಅಂಗಡಿ ನೋಡಿಕೊಳ್ಳುತ್ತಿದ್ದರು, ಅವ್ವ ಒಲೆ ನೋಡಿಕೊಳ್ಳುತ್ತಿದ್ದಳು, ಅತ್ತೆ ಕಾಲ ಬದಲಾಗುವುದನ್ನು ನೋಡಿಕೊಳ್ಳುತ್ತಿದ್ದಳು. ವರ್ಷದ ಮೊದಲ ಕೋಗಿಲೆ ಕೂಗಿದ್ದು, ಬೇವು ಹೂ ಬಿಟ್ಟಿದ್ದು, ಮಳೆ ನಿಂತ ಮೇಲೆ ಗೋಡೆಯ ಬಿರುಕಿನಿಂದ ರೆಕ್ಕೆಯ ಹುಳ ಎದ್ದಿದ್ದು, ಹೀಗೆ ಯಾವುದನ್ನು ಮೊದಲು ಕಂಡರೂ ಓಡಿಹೋಗಿ ಅವಳ ಸೆರಗು ಹಿಡಿದು ಹೇಳಬೇಕು, ಹೇಳಿದವರಿಗೆ ಒಂದು ಚೂರು ಬೆಲ್ಲ. ಬೆಲ್ಲದ ಆಸೆಗೆ ನಾನು ಇಲ್ಲದ ಕೋಗಿಲೆಯನ್ನೂ ಎಷ್ಟೋ ಸಲ ಕೂಗಿಸಿದ್ದೇನೆ. ಒಂದು ಹೂವನ್ನು ಮಾತ್ರ ಈ ಆಟಕ್ಕೆ ಸೇರಿಸುವಂತಿರಲಿಲ್ಲ. ಬೇಸಿಗೆಯ ಮೊದಲ ಮಳೆಗೆ ಬೇಲಿಯ ಮೂಲೆಯಲ್ಲಿ, ಒಂದು ಗುಂಡುಕಲ್ಲಿನ ಪಕ್ಕ, ಬರಿನೆಲ ಬಿರಿದು ದಂಟೊಂದು ಏಳುತ್ತಿತ್ತು. ಎಲೆಯಿಲ್ಲ, ಗಿಡವಿಲ್ಲ, ತುದಿಯಲ್ಲಿ ಎಳೆಗೂಸಿನ ತಲೆಯಷ್ಟು ದಪ್ಪದ ಕೆಂಪು ಚೆಂಡು. ಅದನ್ನು ಅತ್ತೆಯೇ ಮೊದಲು ಕಾಣಬೇಕು. ಅವಳು ನೋಡಿ ಬರುವ ತನಕ ನಮ್ಮನ್ನು ಅತ್ತ ಬಿಡುತ್ತಿರಲಿಲ್ಲ.

ಆ ವರ್ಷ ಶಿವರಾತ್ರಿಯ ಹೊತ್ತಿಗೆ ಶಾಲೆಯಲ್ಲಿ ಗೆಡ್ಡೆಗಳ ಪಾಠವಾಯಿತು. ಎಲ್ಲರೂ ಈರುಳ್ಳಿ ತಂದರೆ ನನ್ನ ಹೆಚ್ಚುಗಾರಿಕೆ ಏನು ಉಳಿಯಿತು? ಗುಂಡುಕಲ್ಲು ಉರುಳಿಸಿ, ಕೈಯಿಂದಲೇ ಬಗೆದು, ನೆಲದೊಳಗೆ ಮಲಗಿದ್ದ ಆ ಗೆಡ್ಡೆಯನ್ನು ಕಿತ್ತು ಒಯ್ದೆ. ಮೇಷ್ಟ್ರು ಭೇಷ್ ಅಂದರು. ಸಂಜೆ ತಂದು ನೆಡಬೇಕೆನ್ನುವಾಗ ಹಿಂಬಾಗಿಲ ಅಗುಳಿ ಸದ್ದಾಯಿತು. ಹೆದರಿ, ನಿಂತಲ್ಲೇ ಕೆದರಿ ಹುಗಿದು, ಕಲ್ಲನ್ನು ಮಾತ್ರ ಅದರ ಜಾಗಕ್ಕೆ ತಳ್ಳಿ ಓಡಿದೆ. ಮೊದಲ ಮಳೆಯ ಮರುದಿನ ಅತ್ತೆ ನೋಡುತ್ತಾಳೆ, ಕಲ್ಲು ಇದ್ದಲ್ಲೇ ಇದೆ, ಹೂವು ಅಲ್ಲಿಂದ ಎರಡು ಮೊಳ ಮನೆಯ ಕಡೆಗೆ ಬಂದಿದೆ. ಅವಳು ಕಲ್ಲಿನಿಂದ ಹೂವಿನ ತನಕ ಮೊಳ ಹಾಕಿ ಅಳೆದಳು.

ಆಮೇಲೆ, "ಅಂಬೆಗಾಲು ಇಡಾಕೆ ಹತ್ತೈತೆ ನೋಡೇ," ಎಂದಳು.

ನನಗೆ ತಿಳಿಯಲಿಲ್ಲ. ಅವ್ವ ಒಳಗೆ ಕರೆದು ಹೇಳಿದಳು. ಅತ್ತೆ ತವರಿಗೆ ಬಂದಾಗ ಬಸುರಿ. ಹೆತ್ತ ಮೂರನೆಯ ದಿನಕ್ಕೆ ಕೂಸು ಹೋಯಿತು. ಹೆಸರಿಡದ ಕೂಸನ್ನು ನಮ್ಮಲ್ಲಿ ದೂರ ಒಯ್ಯುತ್ತಿರಲಿಲ್ಲ, ಹಿತ್ತಲಲ್ಲೇ ಮಣ್ಣು ಮಾಡಿ, ನಾಯಿ ಕೆದರದ ಹಾಗೆ ಕಲ್ಲಿಟ್ಟು, ಏನಾದರೊಂದು ನೆಡುತ್ತಿದ್ದರು. ನಾನು ಕೈ ಹಾಕಿದ್ದು ಎಲ್ಲಿಗೆ ಎಂದು ತಿಳಿದ ಮೇಲೆ ಎರಡು ದಿನ ಆ ಕೈಯಲ್ಲಿ ತುತ್ತು ಎತ್ತಲಾಗಲಿಲ್ಲ. ನಿಜ ಹೇಳುವ ಧೈರ್ಯವೂ ಬರಲಿಲ್ಲ.

ಮರುವರ್ಷ ನಾನು ಆ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಹೂವು ನುಗ್ಗೆ ಮರದ ಬುಡದಲ್ಲಿ ಎದ್ದಿತು. "ಹೆಗ್ಗಣ ಎಳಕಂಡು ಬಂದಿರ್ತಾವೆ ಬಿಡ್ರಿ," ಎಂದು ಅಪ್ಪ ನಕ್ಕರು. ಅದರ ಮುಂದಿನ ವರ್ಷ ಬೂದಿಗುಂಡಿಯ ಅಂಚಿನಲ್ಲಿ ಎದ್ದಿತು. ಈ ಸಲ ಅಪ್ಪ ನಗಲಿಲ್ಲ. ಗುಂಡುಕಲ್ಲಿನಿಂದ ಹಿಂಬಾಗಿಲಿಗೆ ದಾರ ಹಿಡಿದಂತೆ ನೇರ ಬರುತ್ತಿತ್ತು, ಹೆಗ್ಗಣಕ್ಕೆ ಅಷ್ಟು ನೇರ ದಾರಿ ಹೇಳಿಕೊಟ್ಟವರು ಯಾರು? ಹಿತ್ತಲೆಲ್ಲ ಕೆದರುವ ನಮ್ಮ ಕೋಳಿಗಳು ಆ ಒಂದು ಗೆರೆಯ ಮೇಲೆ ಕಾಲಿಡುತ್ತಿರಲಿಲ್ಲ. ಅತ್ತೆಯೇ ಜರುಗಿಸುತ್ತಿದ್ದಾಳೆ ಎಂದು ನಾನು ನನಗೇ ಹೇಳಿಕೊಂಡೆ. ಹಾಗೆ ಹೇಳಿಕೊಳ್ಳದಿದ್ದರೆ ಸಂಜೆ ಬಚ್ಚಲಿಗೆ ಹೋಗಲು ಆಗುತ್ತಿರಲಿಲ್ಲ.

ನಾಲ್ಕನೆಯ ವರ್ಷ ಅವ್ವ ಏಳು ತಿಂಗಳ ಬಸುರಿ. ಮೊದಲ ಮಳೆ ಬಿದ್ದ ಬೆಳಿಗ್ಗೆ ಒಗೆಯುವ ಕಲ್ಲಿನ ಪಕ್ಕ, ಹೊಸ್ತಿಲಿಂದ ಮೂರೇ ಹೆಜ್ಜೆಗೆ ನೆಲ ಬಿರಿದಿತ್ತು. ಅವ್ವ ಹೊಟ್ಟೆ ಹಿಡಿದುಕೊಂಡು ಕಿರುಚಿದಳು. "ನನ್ನ ಹೊಟ್ಟಿಗೆ ಬರಾಕೆ ನೋಡ್ತೈತ್ರೀ ಅದು! ಕಿತ್ತು ಹೊನ್ನಾಳಿ ಹೊಳಿಗೆ ಬಿಟ್ಟು ಬರ್ರಿ!" ಅಪ್ಪ ಗುದ್ದಲಿ ತಂದರು. ಅತ್ತೆ ಕೆಸರಿನಲ್ಲಿ ಕೂತು, ಆ ದಂಟಿನ ಮೇಲೆ ಸೆರಗು ಮುಚ್ಚಿ, ಅಣ್ಣನ ಮುಖ ನೋಡಿದಳು. ಆ ನೋಟವನ್ನು ತಡೆದುಕೊಳ್ಳಲು ನನ್ನಿಂದಾಗಲಿಲ್ಲ. "ನಾನೇ ಅಪ್ಪಾ, ವರ್ಷಾ ವರ್ಷಾ ನಾನೇ ಕಿತ್ತು ಕಿತ್ತು ಇಡ್ತಿದ್ದೆ!" ಎಂದು ಕೂಗಿದೆ. ಕೆನ್ನೆಗೆ ಒಂದು ಬಿತ್ತು. ಆದರೆ ಅಪ್ಪನ ಕೈಯಿಂದ ಗುದ್ದಲಿಯೂ ಬಿತ್ತು. ಅವ್ವ ಅಳುತ್ತ ನಗುತ್ತ, "ಕಳ್ಳಿ, ಜೀವ ತೆಗೆದೆಯಲ್ಲೇ," ಎಂದು ನನ್ನನ್ನು ತಬ್ಬಿಕೊಂಡಳು. ಹೂವು ಉಳಿಯಿತು.

ಸಂಜೆ ಅತ್ತೆ ಒಗೆಯುವ ಕಲ್ಲಿನ ಮೇಲೆ ಕೂತು ನನ್ನನ್ನು ಕರೆದಳು. "ನಿಜ ಹೇಳು. ಎಷ್ಟು ಸಲ?"

"ಒಂದೇ ಸಲ ಅತ್ತೆ. ಮೊದಲ್ನೇ ವರ್ಷ."

"ಅದು ನಂಗೆ ಗೊತ್ತಿತ್ತು. ನಿನ್ನ ಉಗುರಾಗೆ ಮಣ್ಣಿತ್ತು. ಆಮೇಲಿಂದೂ ನೀನೇ ಅಂದ್ಕಂಡು, ಹುಡುಗಿ ಮನಸ್ಸು ಯಾಕೆ ನೋಯಿಸ್ಬೇಕು ಅಂತ ಸುಮ್ಕಿದ್ದೆ."

"ನಾನು ನೀನೇ ಅಂದ್ಕಂಡಿದ್ದೆ."

"ನಾನ್ಯಾಕೆ ಮುಟ್ಟಲವ್ವಾ? ನಾನು ಒಂದಿನಾನೂ ಕರೆದಿರ್ಲಿಲ್ಲ ಅದನ್ನ." ಅವಳು ಹೂವಿನಿಂದ ಹೊಸ್ತಿಲ ತನಕ ಕಣ್ಣಲ್ಲೇ ಹೆಜ್ಜೆ ಎಣಿಸಿದಳು. ಅದು ಹೆದರಿಕೆಯೋ ಸಂತೋಷವೋ ನನಗೆ ಈಗಲೂ ಗೊತ್ತಿಲ್ಲ. ಯಾರಿಗೂ ಹೇಳಬೇಡ ಎಂದಳು, ನಾನು ಹೇಳಲಿಲ್ಲ. ಆವತ್ತಿನಿಂದ ಹಿಂಬಾಗಿಲಿಗೆ ಅಗುಳಿ ಹಾಕಲು ಅವಳು ಬಿಡಲಿಲ್ಲ. ಕಳ್ಳರು ಬಂದಾರು ಎಂದು ಅಪ್ಪ ಗೊಣಗಿದರು.

ತಮ್ಮ ಹುಟ್ಟಿದ, ಗಟ್ಟಿಮುಟ್ಟಾಗಿ ಬೆಳೆದ. ಮರುವರ್ಷ ಮಾಘ ಮಾಸದಲ್ಲಿ, ಎರಡೇ ದಿನದ ಜ್ವರಕ್ಕೆ, ಗೌರತ್ತೆ ತೀರಿಕೊಂಡಳು. ಬೇಸಿಗೆಯ ಮೊದಲ ಮಳೆ ಬಿದ್ದ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಬೆಳಕು ಹರಿಯುವ ಮೊದಲೇ ಎದ್ದು ಹೋದರೆ, ಅವ್ವ ನನಗಿಂತ ಮೊದಲೇ ತಮ್ಮನನ್ನು ಸೊಂಟಕ್ಕಿಟ್ಟುಕೊಂಡು ಅಲ್ಲಿ ನೆಲ ನೋಡುತ್ತ ನಿಂತಿದ್ದಳು. ಇಬ್ಬರೂ ಹೊಸ್ತಿಲಿಂದ ಬೇಲಿಯ ತನಕ ಹುಡುಕಿದೆವು. ಗುಂಡುಕಲ್ಲಿನ ಪಕ್ಕ, ನುಗ್ಗೆಯ ಬುಡ, ಬೂದಿಗುಂಡಿ, ಎಲ್ಲೂ ಒಂದು ಬಿರುಕಿಲ್ಲ. ಕೋಳಿಗಳು ಆ ಗೆರೆಯ ಉದ್ದಕ್ಕೂ ಕೆದರುತ್ತಿದ್ದವು.

"ನಾಳೆ ಬಂದೀತೇನೋ ಅವ್ವಾ," ಎಂದೆ.

"ಇನ್ನು ಯಾರತ್ರ ಬರ್ಬೇಕು ಅದು," ಎಂದು ಅವ್ವ ತಮ್ಮನ ತಲೆಗೆ ಸೆರಗು ಮುಚ್ಚಿ ಒಳಗೆ ಹೋದಳು.