ಮೊದಲ ದೋಣಿಯ ಐದನೇ ಜಾಗ

ನಾನು ಕಾಲೇಜಿನ ದೋಣಿ ತಂಡಕ್ಕೆ ಸೇರಿದ್ದು ನನ್ನ ಎತ್ತರದ ದೆಸೆಯಿಂದ. ಎಂಬತ್ತರ ದಶಕದ ಆರಂಭದ ಮಾತು. ಹೊಸ ಹುಡುಗರೆಲ್ಲ ಹೆಸರು ಬರೆಸಲು ಸಾಲು ನಿಂತಿದ್ದಾಗ ಒಬ್ಬ ಸೀನಿಯರ್ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿ, ನಾಳೆ ಬೆಳಿಗ್ಗೆ ದೋಣಿ ಶೆಡ್ಡಿಗೆ ಬಾ ಎಂದ. ನನಗೆ ಈಜೇ ಅಷ್ಟಕ್ಕಷ್ಟೆ. ಆದರೂ ಹೋದೆ. ಸ್ಕಾಲರ್‌ಶಿಪ್ಪು ಕೊಟ್ಟು ಕರೆಸಿಕೊಂಡ ಹುಡುಗರು ಬೇರೆ. ನನ್ನ ಹಾಗೆ ತಾವಾಗಿಯೇ ಬಂದು ನಿಂತವರನ್ನು ಅಲ್ಲಿ ‘ವಾಕ್ ಆನ್’ ಎನ್ನುತ್ತಿದ್ದರು. ಕರೆಯೋಲೆ ಇಲ್ಲದೆ ಮದುವೆಮನೆಗೆ ಹೋದವರ ಸ್ಥಿತಿ ನಮ್ಮದು. ಯಾರೂ ಓಡಿಸುವುದಿಲ್ಲ, ಆದರೆ ಎಲೆ ಸಿಗುವುದು ಕಡೇ ಪಂಕ್ತಿಯಲ್ಲಿ.

ದೇಶ ಬಿಟ್ಟು ಬಂದ ನಮ್ಮ ಮನೆ ಇದ್ದದ್ದು ಫ್ರೀಮಾಂಟಿನಲ್ಲಿ. ಮೊದಲ ಟ್ರೈನು ಹಿಡಿದರೂ ಅಭ್ಯಾಸಕ್ಕೆ ತಡವಾಗುತ್ತಿತ್ತು. ಹಾಗಾಗಿ ಅಪ್ಪ ನಸುಕಿನಲ್ಲೇ ನನ್ನನ್ನು ಕಾರಿನಲ್ಲಿ ಓಕ್‌ಲ್ಯಾಂಡಿನ ನೀರಿನ ದಡಕ್ಕೆ ಬಿಟ್ಟು, ಅಲ್ಲಿಂದ ಅಷ್ಟೇ ದೂರ ವಾಪಸು ಬಂದು ಆಫೀಸಿಗೆ ಹೋಗುತ್ತಿದ್ದರು. ಫ್ರೀವೇ ಉದ್ದಕ್ಕೂ ಗೊಣಗಾಟ.

"ಮಂಡ್ಯದಿಂದ ಇಷ್ಟ್ ದೂರ ಬಂದು ದೋಣಿ ನಡ್ಸೋದ್ ಕಲೀತಿದೀಯಲ್ಲೋ. ಅದನ್ನ ಶ್ರೀರಂಗಪಟ್ಟಣದಲ್ಲೇ ಕಲೀಬಹುದಿತ್ತು, ಪೆಟ್ರೋಲಾದ್ರೂ ಉಳೀತಿತ್ತು."

ಗೊಣಗಿದರೇ ಹೊರತು ಒಂದು ದಿನವೂ ತಪ್ಪಿಸಲಿಲ್ಲ. ಅಮ್ಮನೂ ಹಾಗೆಯೇ. ನನ್ನ ಅಂಗೈಯ ಬೊಬ್ಬೆಗಳಿಗೆ ಹರಳೆಣ್ಣೆ ಸವರುತ್ತಾ "ಬಿಟ್ಬಿಡೋ ಈ ಕರ್ಮಾನ" ಎನ್ನುವಳು. ಬೆಳಿಗ್ಗೆ ನೋಡಿದರೆ ಬಿಸಿ ಉಪ್ಪಿಟ್ಟಿನ ಡಬ್ಬಿ ಸಿದ್ಧವಾಗಿರುತ್ತಿತ್ತು.

ನಮ್ಮ ಕೋಚ್ ಮಾತು ಕಡಿಮೆಯ ಮನುಷ್ಯ. ಅವರ ದೋಣಿಗಳು ವರ್ಷ ವರ್ಷವೂ ಗೆಲ್ಲುತ್ತಿದ್ದವು. ಬೇರೆ ಕಾಲೇಜಿನವರು ಏನೋ ಗುಟ್ಟಿದೆ ಎಂದುಕೊಂಡಿದ್ದರು. ಗುಟ್ಟೂ ಇಲ್ಲ, ಗಿಟ್ಟೂ ಇಲ್ಲ. ನಮಗಿಂತ ಮುಂಚೆ ಬಂದು ಶೆಡ್ಡಿನ ಬಾಗಿಲು ತೆರೆಯುತ್ತಿದ್ದರು. ಹುಟ್ಟು ಹಾಕುವ ಒಂದೇ ಎಳೆತವನ್ನು, ಅದು ಸರಿಹೋಗುವ ತನಕ, ಬೇಸರವಿಲ್ಲದೆ ಮಾಡಿಸುತ್ತಿದ್ದರು. ಕೇಳಬೇಕಾದ್ದನ್ನು ನೇರವಾಗಿ ಕೇಳುವರು, ನಾವು ಹೇಳಿದ್ದನ್ನು ಹಾಗೆಯೇ ನಂಬುವರು. ಕೈ ನೋಯುತ್ತಿದೆಯೇ ಎಂದು ಕೇಳಿದಾಗ ಬಿಗುಮಾನಕ್ಕೆ ಇಲ್ಲ ಎಂದವನಿಗೆ ಇನ್ನೊಂದು ಸುತ್ತು ಗ್ಯಾರಂಟಿ.

ಮೂರು ವರ್ಷ ನಾನು ಮೂರನೇ ದೋಣಿಯಲ್ಲೇ ಬೆವರು ಸುರಿಸಿದೆ. ಕಡೆಯ ವರ್ಷದ ವಸಂತದಲ್ಲಿ, ಅತ್ಯುತ್ತಮ ಎಂಟು ಜನ ಕೂರುವ ಮೊದಲ ದೋಣಿಯ ಐದನೇ ಜಾಗದಲ್ಲಿ ಕೂರುತ್ತಿದ್ದ ಸ್ಕಾಲರ್‌ಶಿಪ್ಪಿನ ಹುಡುಗನಿಗೆ ಬೆನ್ನು ಹಿಡಿದುಕೊಂಡಿತು. ಕೋಚ್ ಆ ಜಾಗಕ್ಕೆ ನನ್ನನ್ನು ಕೂರಿಸಿದರು. ಎಂಟು ಹುಟ್ಟುಗಳು ಒಟ್ಟಿಗೆ ನೀರಿಗಿಳಿದು ಒಟ್ಟಿಗೆ ಮೇಲೇಳುವಾಗ ದೋಣಿ ಇದ್ದಕ್ಕಿದ್ದಂತೆ ಹಗುರಾಗುತ್ತದೆ. ಆ ಸುಖ ನನಗೆ ಅದುವರೆಗೆ ಗೊತ್ತೇ ಇರಲಿಲ್ಲ. ಮನೆಗೆ ಬಂದು ಹೇಳಿದಾಗ ಅಪ್ಪ ವರ್ಷದ ದೊಡ್ಡ ಸ್ಪರ್ಧೆಯ ದಿನಕ್ಕೆ ರಜೆ ಹಾಕಿದರು.

ಸ್ಪರ್ಧೆಗೆ ಒಂದು ವಾರವಿದ್ದಾಗ ಆ ಹುಡುಗ ವಾಪಸು ಬಂದ. ಅಭ್ಯಾಸ ಮುಗಿಸಿ ನಾನು ಹುಟ್ಟು ಒರೆಸುತ್ತಿದ್ದೆ. ಕೋಚ್ ಬಂದು ಪಕ್ಕದಲ್ಲಿ ನಿಂತರು.

"ಅವನು ಕೂರಬಹುದು ಎಂದು ಡಾಕ್ಟರು ಹೇಳಿದ್ದಾರೆ. ನೀವಿಬ್ಬರೂ ಸಮಸಮ ಇದ್ದೀರಿ. ಆ ಜಾಗ ನಿನಗೆ ಬೇಕಾ?"

ಬೇಕಾ ಅಂತೆ! ಬೇಕಿತ್ತು, ಜೀವ ಹೋಗುವಷ್ಟು ಬೇಕಿತ್ತು. ನನ್ನ ಬಾಯಿಂದ ಬಂದದ್ದು ಮಾತ್ರ, "ಪರವಾಗಿಲ್ಲ ಕೋಚ್, ಅವನೇ ಕೂರಲಿ. ಅದು ಅವನ ಜಾಗವಲ್ಲವೇ?"

ಹಾಗೆ ಹೇಳಿ, ತಲೆ ತಗ್ಗಿಸಿ ಕಾದೆ. ಅವರು ಇನ್ನೊಮ್ಮೆ ಕೇಳುತ್ತಾರೆ, ನಾನು ಇನ್ನೊಮ್ಮೆ ಬೇಡ ಎನ್ನುತ್ತೇನೆ, ಆಮೇಲೆ ಅವರು ಗದರಿ, ಸುಮ್ಮನೆ ಕೂತ್ಕೊಳ್ಳಯ್ಯ ಎನ್ನುತ್ತಾರೆ. ಇದನ್ನೆಲ್ಲ ನಾನು ಯೋಚಿಸಿ ಮಾಡಲಿಲ್ಲ. ದೊಡ್ಡವರು ಏನಾದರೂ ಕೊಡಲು ಬಂದರೆ ನಮ್ಮ ಮನೆಯಲ್ಲಿ ನಡೆಯುತ್ತಿದ್ದುದೇ ಹಾಗೆ. ಕೋಚ್ ಒಂದು ಗಳಿಗೆ ನನ್ನ ಮುಖ ನೋಡಿದರು. ಹೆಗಲು ತಟ್ಟಿ, "ದೊಡ್ಡ ಮನಸ್ಸು ನಿನ್ನದು" ಎಂದು ಹೊರಟುಹೋದರು. ಮರುದಿನ ಮತ್ತೆ ಕೇಳಿಯಾರು ಎಂದು ಅವರ ಕಣ್ಣಿಗೆ ಬೀಳುವಂತೆ ಶೆಡ್ಡಿನಲ್ಲೇ ಸುಳಿದಾಡಿದೆ. ಕೇಳಲಿಲ್ಲ.

ಸ್ಪರ್ಧೆಯ ದಿನ ನಾನು ದಡದಲ್ಲಿ ಅಪ್ಪ ಅಮ್ಮನ ಜೊತೆ ನಿಂತಿದ್ದೆ. ಅವನಿಗೆ ಹುಷಾರಾಯಿತು, ಅವನನ್ನೇ ಕೂರಿಸಿದರು ಎಂದಷ್ಟೇ ಮನೆಯಲ್ಲಿ ಹೇಳಿದ್ದೆ. "ಹೋಗ್ಲಿ ಬಿಡೋ, ಅವರಿಗೆ ಅವರೋನೇ ಹೆಚ್ಚು" ಎಂದಿದ್ದರು ಅಪ್ಪ. ನಮ್ಮ ದೋಣಿ ಕೂದಲೆಳೆಯಲ್ಲಿ ಗೆದ್ದಿತು. ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನೇ. ಆ ಸಂಜೆ ಕೋಚ್ ತಂಡದ ಮುಂದೆ ನನ್ನನ್ನು ಎಬ್ಬಿಸಿ ನಿಲ್ಲಿಸಿ, ತಂಡ ಅಂದರೆ ಇದು, ತನ್ನ ಜಾಗ ಬಿಟ್ಟುಕೊಟ್ಟವನು ಇವನು ಎಂದು ಹೊಗಳಿದರು. ಹುಡುಗರೆಲ್ಲ ಚಪ್ಪಾಳೆ ತಟ್ಟಿದರು. ಮಾಡದ ತ್ಯಾಗಕ್ಕೆ ಸಿಕ್ಕಿದ ಆ ಚಪ್ಪಾಳೆಯನ್ನು ಹೊಟ್ಟೆಕಿಚ್ಚಿನಿಂದ ಉರಿಯುತ್ತಾ ಕೇಳಿಸಿಕೊಂಡೆ.

ನಾನು ಡಿಗ್ರಿ ಮುಗಿಸಿದಾಗ ಅಮ್ಮ ಕೋಚನ್ನು ಊಟಕ್ಕೆ ಕರೆಸಿದಳು. ಅವತ್ತು ಹೋಳಿಗೆ ಮಾಡಿದ್ದಳು. ಕೋಚ್ ಎರಡು ತಿಂದು, ಸಾಕು ಎಂದು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರು. ಅಮ್ಮ ಬೆರಳ ಸಂದಿಯಲ್ಲೇ ಇನ್ನೊಂದನ್ನು ಜಾರಿಸಿದಳು. ಅವರು ಗಾಬರಿಯಾಗಿ, ನಿಜವಾಗಿಯೂ ಬೇಡ ಎಂದರು.

"ಸಂಕೋಚ ಅಷ್ಟೆ, ಹಾಕೇ" ಎಂದು ಅಮ್ಮನಿಗೆ ಹೇಳಿ, ಅಪ್ಪ ನಗುತ್ತಾ ಕೋಚ್ ಕಡೆ ತಿರುಗಿ ಇಂಗ್ಲಿಷಿನಲ್ಲಿ ವಿವರಿಸಿದರು. "ನಮ್ಮವರು ಮೊದಲನೇ ಸಲಕ್ಕೆ ಬೇಕು ಅನ್ನುವುದೇ ಇಲ್ಲ. ಅಂದರೆ ಆಸೆಬುರುಕ ಎಂದುಕೊಳ್ಳುತ್ತಾರೆ. ಬೇಡ ಬೇಡ ಅನ್ನುತ್ತಲೇ ಇರಬೇಕು, ಕೊಡುವವರು ಬಿಡದೆ ಕೊಡಬೇಕು. ನನ್ನ ಮಗನಿಗೂ ಅದೇ ಅಭ್ಯಾಸ. ಒಂದು ಸಲ ಕೇಳಿ ಬಿಟ್ಟರೆ ಉಪವಾಸ ಮಲಗುವ ಗಿರಾಕಿ!"

ಅಮ್ಮ ತುಪ್ಪ ತರಲು ಒಳಗೆ ಹೋದಳು. ಕೋಚ್ ಕೂಡ ನಕ್ಕರು. ನಗುತ್ತಿದ್ದವರು ನಿಲ್ಲಿಸಿ ನನ್ನ ಕಡೆ ನೋಡಿದರು. ನಾನು ತಟ್ಟೆ ನೋಡಿಕೊಂಡೆ.

"ನಾನು ಕೇಳಿದಾಗ ಆ ಜಾಗ ನಿನಗೆ ಬೇಕಿತ್ತಾ?"

"ಬೇಕಿತ್ತು ಕೋಚ್."

ಅಪ್ಪನ ಕೈ ತುತ್ತಿನೊಂದಿಗೆ ನಿಂತಿತು. ಕೋಚ್ ತಡೆದು ತಡೆದು ಹೇಳಿದರು: "ಅವನ ಬೆನ್ನಿನ ಬಗ್ಗೆ ನನಗೆ ಇನ್ನೂ ಧೈರ್ಯ ಇರಲಿಲ್ಲ. ನಿನ್ನನ್ನೇ ಕೂರಿಸೋಣ ಎಂದು ಬಂದಿದ್ದೆ. ನೀನು ಹೂಂ ಎಂದಿದ್ದರೆ ಸಾಕಿತ್ತು."

ಅಮ್ಮ ತುಪ್ಪದ ಮಿಳ್ಳೆ ಹಿಡಿದು ಬಂದವಳು ನಮ್ಮ ಮುಖಗಳನ್ನು ನೋಡಿದಳು.

"ಏನಂತೆ? ಏನಂದ್ರು ಅವ್ರು?"

"ಹೋಳಿಗೆ ಚೆನ್ನಾಗಿದ್ಯಂತೆ ಕಣೆ" ಎಂದರು ಅಪ್ಪ.