ಒಂದೇ ಅಳತೆಯ ಎರಡು ಭಾಗ

ಬೆಳಗಿನ ಐದೂವರೆ. ಕುವೆಂಪುನಗರದ ಜೆರಾಕ್ಸ್ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಮಂಜುಶ್ರೀ ಲ್ಯಾಪ್‌ಟಾಪಿನ ಮುಂದೆ ಕೈಕಟ್ಟಿ ಕೂತಿದ್ದಾರೆ. ಹೊಸದೊಂದು ಆಪರೇಟಿಂಗ್ ಸಿಸ್ಟಂಗೆ ಜಾಗ ಬಿಡಲು ಡಿಸ್ಕಿನಲ್ಲಿದ್ದದ್ದೆಲ್ಲ ಒಳಗೊಳಗೇ ಸರಿದುಕೊಳ್ಳುತ್ತಿದೆ. ಅರ್ಧದಲ್ಲಿ ಕರೆಂಟು ಹೋದರೆ ಇದ್ದದ್ದೂ ಹೋಗುತ್ತದೆ. ಹಳೇ ಬ್ಯಾಟರಿ ಐದು ನಿಮಿಷ ನಿಲ್ಲುವುದಿಲ್ಲ. ಈ ಹೊತ್ತಿನಲ್ಲಿ ಕರೆಂಟು ಕೈಕೊಡುವುದು ಕಡಿಮೆ, ಅದಕ್ಕೇ ಇಷ್ಟು ಬೇಗ.

ಎದುರಿನ ಸ್ಟೂಲಿನಲ್ಲಿ ಶಿವಲಿಂಗಯ್ಯ ಕಾಯುತ್ತಿದ್ದಾರೆ. ವಿಜಯನಗರದ ಅಪಾರ್ಟ್‌ಮೆಂಟೊಂದರ ಕಾವಲುಗಾರ; ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದಾರೆ. ಲ್ಯಾಪ್‌ಟಾಪ್ ಮಗಳದ್ದು. ಒಂಬತ್ತಕ್ಕೆ ಅವಳ ಪ್ರಾಜೆಕ್ಟ್ ಪರೀಕ್ಷೆ. ವರದಿ ವಿಂಡೋಸಿನಲ್ಲಿದೆ, ಪ್ರೋಗ್ರಾಂ ಓಡಿಸಿ ತೋರಿಸಬೇಕಿರುವುದು ಲಿನಕ್ಸ್ ಎಂಬ ಇನ್ನೊಂದು ಸಿಸ್ಟಂನಲ್ಲಿ.

ಒಂದೇ ಲ್ಯಾಪ್‌ಟಾಪಿನಲ್ಲಿ ಎರಡು ಮೂರು ಸಿಸ್ಟಂ ಕೂರಿಸುವುದು ನಲವತ್ತೊಂದರ ಮಂಜುಶ್ರೀಯವರ ಕಸುಬು. ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿದ ಮೇಲೆ ಒಬ್ಬರೇ ಕಲಿತದ್ದು. ಅಚ್ಚಿಗೆ ಪುಟ ಜೋಡಿಸುವ ಡಿಟಿಪಿಯವರಿಗೆ ಹಳೇ ವಿಂಡೋಸೂ ಇರಬೇಕು. ಇಪ್ಪತ್ತು ವರ್ಷದ ಹಿಂದೆ ಟೈಪಿಸಿದ ಕನ್ನಡ ಹೊಸದರಲ್ಲಿ ಬರೀ ಚುಕ್ಕಿ, ಗೀಟು. ದಿನಕ್ಕೆ ಮೂರು ಯಂತ್ರ, ನಾಲ್ಕನೆಯದನ್ನು ಮುಟ್ಟುವುದಿಲ್ಲ.

"ದಣಿದ ಕಣ್ಣಲ್ಲಿ ಡಿಲೀಟ್ ಒತ್ತಬಾರದು" ಎನ್ನುತ್ತಾರೆ.

ಒಮ್ಮೆ ಒತ್ತಿದ್ದಾರೆ. ಆರು ವರ್ಷದ ಹಿಂದೆ ಶಿವಲಿಂಗಯ್ಯನವರದೇ ಡಿಟಿಪಿ ಅಂಗಡಿ ಇತ್ತು. ಅವರ ಡಿಸ್ಕಿನಲ್ಲಿ ತಲಾ ನೂರು ಜಿಬಿಯ ಎರಡು ಭಾಗ. ಒಂದು ಖಾಲಿ; ಇನ್ನೊಂದರಲ್ಲಿ ಹನ್ನೊಂದು ವರ್ಷದ ಲಗ್ನಪತ್ರಿಕೆ, ಪ್ರಬಂಧ, ಅಚ್ಚಿಗೆ ಹೋಗಬೇಕಿದ್ದ ಮೂರು ಪುಸ್ತಕ. ಲಿನಕ್ಸ್ ಹಾಕುವಾಗ ಪರದೆಯ ಮೇಲೆ ಭಾಗಗಳ ಹೆಸರು ಕಾಣಲಿಲ್ಲ, ಅಳತೆಯಷ್ಟೇ ಕಂಡಿತು: ಎರಡೂ ನೂರು. ಅದು ಅವತ್ತಿನ ನಾಲ್ಕನೇ ಯಂತ್ರ. ಮಂಜುಶ್ರೀ ತುಂಬಿದ ಭಾಗವನ್ನು ಅಳಿಸಿದರು.

"ಬೇರೆ ಕಾಪಿ ಇಲ್ವಾ ಅಂದೆ. 'ನಿನ್ ಕೈಗೇ ಕೊಟ್ಟಿದ್ನಲ್ಲಮ್ಮ' ಅಂದ್ರು. ಬೈಲಿಲ್ಲ," ಎನ್ನುತ್ತಾರೆ ಮಂಜುಶ್ರೀ.

ಪುಸ್ತಕದವರು ಬೇರೆಡೆ ಹೋದರು. ವರ್ಷದೊಳಗೆ ಅಂಗಡಿಯ ಬಾಗಿಲು ಮುಚ್ಚಿತು, ಶಿವಲಿಂಗಯ್ಯ ಕಾವಲು ಕೆಲಸಕ್ಕೆ ಸೇರಿದರು. ಅವರು ಕಾಯುವ ಅಪಾರ್ಟ್‌ಮೆಂಟಿನ ರಸ್ತೆ ಬಿಟ್ಟು ಮಂಜುಶ್ರೀ ಇಂದಿಗೂ ಸ್ಕೂಟರನ್ನು ಸುತ್ತುಬಳಸಿ ಓಡಿಸುತ್ತಾರೆ.

ಅಲ್ಲಿಂದಾಚೆಗೆ ಮೊದಲು ಕಾಪಿ, ಆಮೇಲೆ ಕೆಲಸ. ಮತ್ತೊಂದು ನೇಮ: ಒಂದೇ ಅಳತೆಯ ಎರಡು ಭಾಗ ಮಾಡುವುದಿಲ್ಲ.

"ಸಮಪಾಲು ಮಾಡ್ಬುಡು ಅಂದವ್ಳೆ ಮಗಳು," ಎನ್ನುತ್ತಾರೆ ಶಿವಲಿಂಗಯ್ಯ.

"ಅದೊಂದ್ ಕೇಳ್ಬೇಡಿ ಅಣ್ಣ. ತೊಂಬತ್ತೊಂದು ಜಿಬಿ, ನೂರಾ ಹದಿಮೂರು ಜಿಬಿ ಮಾಡಿದ್ದೀನಿ."

"ಆಸ್ತಿ ಪಾಲಲ್ಲೂ ಇಷ್ಟು ಮೋಸ ಇಲ್ಲ ಕಣಮ್ಮ."

ಮಂಜುಶ್ರೀ ನಗುವುದಿಲ್ಲ.

ಊರಲ್ಲಿ ಇಷ್ಟು ಅಂಗಡಿಗಳಿವೆ, ಇಲ್ಲಿಗೇ ಯಾಕೆ ಬಂದಿರಿ ಎಂದು ಕೇಳಿದರೆ ಶಿವಲಿಂಗಯ್ಯ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಳ್ಳುತ್ತಾರೆ. "ಬೇರೆಯವ್ರು ಇನ್ನೂ ತಪ್ ಮಾಡಿಲ್ಲ. ಇವ್ಳು ಮಾಡವ್ಳೆ."

ಏಳೂಕಾಲಿಗೆ ಪರದೆಯ ಮೇಲೆ ಎರಡೂ ಸಿಸ್ಟಂಗಳ ಹೆಸರು ಮೂಡುತ್ತವೆ. ಮಂಜುಶ್ರೀ ಎರಡನ್ನೂ ತೆರೆದು, ಮಗಳ ವರದಿಯನ್ನು ಕೊನೆಯ ಪುಟದವರೆಗೆ ಉರುಳಿಸಿ ತೋರಿಸುತ್ತಾರೆ. ಶಿವಲಿಂಗಯ್ಯ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಎದ್ದು, "ಬರ್ತೀನಮ್ಮ" ಎಂದಷ್ಟೇ ಹೇಳಿ ಮೆಟ್ಟಿಲಿಳಿಯುತ್ತಾರೆ.

ಮಂಜುಶ್ರೀಯವರಿಗೆ ದೊಡ್ಡ ಅಂಗಡಿಯ ಆಸೆಯಿಲ್ಲ. ಮತ್ತೇನು ಆಸೆ?

"ಅವ್ರು ಒಂದ್ಸಲ ಬೈಬೇಕು," ಎಂದು ಎರಡನೇ ಲ್ಯಾಪ್‌ಟಾಪಿಗೆ ವೈರು ಚುಚ್ಚುತ್ತಾರೆ.